ಗೋಡೆಯ ಮೇಲೆ ಹೆಸರಿರಲಿಲ್ಲ

ಶಾಲಿವಾಹನ ಶಕೆ ೨೦೯೪, ಆಂಗೀರಸ ಸಂವತ್ಸರ,
ಏಳನೆಯ ಋತುವಿನ ಮೊದಲ ವಾರ

ನೂರೈವತ್ತು ವರ್ಷದ ಹಿಂದೆ ಇರುವವರಿಗೆ,

ನಮಸ್ಕಾರ. ಮೇಲಿನ ತಾರೀಖನ್ನು ಕಂಡು ನೀವು ಗಲಿಬಿಲಿಗೊಂಡರೆ ಅದು ಸಹಜ. ನಿಮ್ಮಲ್ಲಿ ಋತುಗಳು ಆರೇ ಇದ್ದವು. ನಮ್ಮಲ್ಲಿ ಶರತ್ತಿಗೂ ಹೇಮಂತಕ್ಕೂ ನಡುವೆ ಇನ್ನೊಂದು ಬಂದು ಕೂತಿದೆ, ಅದನ್ನು ಸೂಜಿಗಾಲ ಎನ್ನುತ್ತೇವೆ. ಇಂಥ ಇನ್ನೂ ಕೆಲವು ಮಾತುಗಳು ಈ ಪತ್ರದಲ್ಲಿ ಬರುತ್ತವೆ, ಬಂದಲ್ಲಿ ವಿವರಿಸುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹೆಚ್ಚಾಗಿ ಕವಿತೆಗಳಿಂದ. ಕವಿತೆಯಿಂದ ಕಲಿತವರು ಕಚೇರಿಯ ವಿಷಯ ಬರೆಯಲು ಕೂತಾಗ ಎಲ್ಲೋ ಒಂದು ಕಡೆ ತಪ್ಪುತ್ತಾರೆ. ಅದನ್ನೂ ಮನ್ನಿಸಿ.

ಇದನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದುಹೋದ ವರ್ಷಗಳಿಗೆ ಕಾಗದ ಕಳಿಸುವ ಏರ್ಪಾಡು. ಅಂಚೆಮನೆಯ ಹಿಂಬದಿಯ ಕಿಟಕಿಯಲ್ಲಿ ತೆಗೆದುಕೊಳ್ಳುತ್ತಾರೆ. ಹೊರಟದ್ದಕ್ಕೆ ರಸೀದಿ ಕೊಡುತ್ತಾರೆ, ಮುಟ್ಟಿದ್ದಕ್ಕೆ ಕೊಡುವುದಿಲ್ಲ. ಜನ ಹೆಚ್ಚಾಗಿ ತೀರಿಕೊಂಡ ಅಜ್ಜಿಗೋ ಅಪ್ಪನಿಗೋ ನಾಲ್ಕು ಸಾಲು ಬರೆದು ಕಣ್ಣೊರೆಸಿಕೊಂಡು ಹೋಗುತ್ತಾರೆ. ನಾನು ಬರೆಯುತ್ತಿರುವುದು ಹೇಸಿಗೆಯಿಂದ. ಸಿಟ್ಟು ಎನ್ನಬಹುದಿತ್ತು, ಆದರೆ ಸಿಟ್ಟು ಬಂದು ಹೋಗುತ್ತದೆ. ಇದು ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಉಳಿಯುವ ಜಿಡ್ಡಿನ ಹಾಗೆ ಒಂದು ವರ್ಷದಿಂದ ಉಳಿದಿದೆ.

ನನ್ನ ತಂಗಿ ಮತ್ತು ಅವಳ ಮಗಳ ಕತೆಯನ್ನು ಹೇಳಬೇಕಾಗಿದೆ. ಹೇಳಲು ಇಬ್ಬರನ್ನೂ ಕೇಳಿಕೊಂಡಿದ್ದೇನೆ. ಇಲ್ಲಿ ಬರೆದಿರುವ ಹೆಸರುಗಳು ಅವರ ನಿಜವಾದ ಹೆಸರುಗಳಲ್ಲ, ಓಣಿಯ ಹೆಸರೂ ಅಲ್ಲ, ಊರನ್ನಂತೂ ಹೇಳುವುದೇ ಇಲ್ಲ. ಎರೆಮಣ್ಣಿನ ಸೀಮೆ, ಒಣಗಿದ ಕಾಲುವೆ, ಒಂದು ಬೋಳುಗುಡ್ಡ ಎಂದುಕೊಳ್ಳಿ, ಸಾಕು. ತಂಗಿಯನ್ನು ಹಂಪವ್ವ ಎಂದು ಕರೆಯುತ್ತೇನೆ, ಮಗಳನ್ನು ಶಾಲ್ಮಲಾ ಎಂದು, ಓಣಿಯನ್ನು ಹತ್ತಿಕಾಳ ಓಣಿ ಎಂದು.

ನಮ್ಮ ಕಡೆ ಈಗ ಮನೆಯೊಳಗೆ ಒಲೆ ಹೊತ್ತಿಸುವಂತಿಲ್ಲ. ಬಿಸಿಲು ಹಾಗಿದೆ. ಶಿವರಾತ್ರಿ ಕಳೆದದ್ದೇ ಗೋಡೆಗಳು ಸಂಜೆಯವರೆಗೂ ಕಾದ ಹಂಚಿನಂತಿರುತ್ತವೆ, ಅದರೊಳಗೆ ಬೆಂಕಿ ಮಾಡಿದರೆ ಮುದುಕರು ಬದುಕುವುದಿಲ್ಲ. ಆದ್ದರಿಂದ ಅಡುಗೆ ಹಗೇವಿಗೆ ಇಳಿದಿದೆ. ಹಗೇವು ನಿಮಗೆ ಗೊತ್ತಿರಬೇಕು, ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ನಮ್ಮವರು ಅದನ್ನೇ ಅಗಲ ಮಾಡಿ, ಮೆಟ್ಟಿಲು ಕಟ್ಟಿ, ಹೊಗೆಗೆ ದಾರಿ ಬಿಟ್ಟು, ಓಣಿಗೊಂದರಂತೆ ಅಡುಗೆಮನೆ ಮಾಡಿಕೊಂಡರು. ಬೆಳಗಾದರೆ ಹೆಂಗಸರು ಗಂಡಸರು ಬುಟ್ಟಿ ಹಿಡಿದು ಇಳಿಯುತ್ತಾರೆ, ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹತ್ತುತ್ತಾರೆ. ಇಡೀ ಓಣಿ ಒಂದೇ ಅಡುಗೆ ಉಣ್ಣುತ್ತದೆ ಎಂದರೆ ನಿಮಗೆ ಸಂತೋಷವಾಗಬಹುದು. ಆಗಬೇಡಿ. ಹಗೇವಿನೊಳಗೆ ಒಲೆಗಳು ಎರಡು. ಒಂದು ಮೀಸಲೊಲೆ, ಇನ್ನೊಂದು ಬೆರಕೆಯೊಲೆ. ಮೀಸಲೊಲೆಯಲ್ಲಿ ಬೇಯಿಸುವ ಹೆಂಗಸಿನ ಬಾಯಿಗೂ ಅವಳ ಮನೆಮಂದಿಯ ಬಾಯಿಗೂ ಮಾಂಸ, ಮೊಟ್ಟೆ ಎಂದೂ ಸೋಕಿರಬಾರದು. ಹಾಗೆ ಬೇಯಿಸುವವಳನ್ನು ಒಲೆಗಾತಿ ಎನ್ನುತ್ತಾರೆ. ಅವಳಿಗೆ ಹಗೇವಿನ ಮೇಲಿನ ತಂಪಾದ ಎರಡು ಕೋಣೆಯ ಮನೆ ಕೊಡುತ್ತಾರೆ, ಹಬ್ಬದಲ್ಲಿ ಮೊದಲ ಸೀರೆ ಕೊಡುತ್ತಾರೆ. ನೀವು ನಿಮ್ಮ ಕಾಲದಲ್ಲಿ ಬಿಟ್ಟುಹೋದೆವೆಂದು ಹೇಳಿಕೊಂಡದ್ದೆಲ್ಲ ಇಲ್ಲಿ ನೆಲದೊಳಗೆ ಬೆಚ್ಚಗೆ ಇದೆ.

ಹಂಪವ್ವ ನಮ್ಮ ಓಣಿಯ ಒಲೆಗಾತಿಯಾಗಿದ್ದಳು. ಶಾಲ್ಮಲಾ ಹುಟ್ಟಿದ ವರ್ಷವೇ ಅವಳ ಗಂಡ ಗಾಳಿಜ್ವರದಲ್ಲಿ ಹೋದ. ಗಾಳಿಜ್ವರ ಎಂದರೆ ಪ್ರತಿ ವರ್ಷ ಮುಖ ಬದಲಿಸಿಕೊಂಡು ಬರುವ ಜ್ವರ, ಗಾಳಿ ತಿರುಗುವ ಹೊತ್ತಿಗೆ ಬರುತ್ತದೆ. ಅದಕ್ಕೆ ವರ್ಷವರ್ಷವೂ ಹೊಸ ಸೂಜಿ, ನೀವು ಲಸಿಕೆ ಎನ್ನುತ್ತಿದ್ದದ್ದು. ನಾನು ಸೂಜಿಯನ್ನು ದೂರಲು ಕೂತಿಲ್ಲ, ಅದನ್ನು ಮೊದಲೇ ಸ್ಪಷ್ಟ ಮಾಡುತ್ತೇನೆ. ಸೂಜಿ ಬರುವ ಮುಂಚೆ ಈ ಓಣಿಯಲ್ಲಿ ಮನೆಗೊಂದು ಹೆಣ ಎದ್ದಿತ್ತೆಂದು ನಮ್ಮವ್ವ ಹೇಳುತ್ತಿದ್ದಳು. ಹಾಕಿಸಿಕೊಳ್ಳಬಲ್ಲವರೆಲ್ಲ ಹಾಕಿಸಿಕೊಳ್ಳಬೇಕು. ಕೆಲವರಿಗೆ ಆಗುವುದಿಲ್ಲ. ಅಂಥವರಿಗೆ ಬಿಡುಚೀಟಿ ಕೊಡುತ್ತಾರೆ. ನಿಮ್ಮ ಕಾಲದಲ್ಲಿ ಅದನ್ನು ವಿನಾಯಿತಿ ಎನ್ನುತ್ತಿದ್ದಿರಂತೆ. ಬಿಡುಚೀಟಿ ಇಲ್ಲದೆ ಸೂಜಿ ತಪ್ಪಿಸಿದವರಿಗೆ ಆ ಋತು ಮುಗಿಯುವವರೆಗೆ ಶಾಲೆಯೂ ಇಲ್ಲ, ಹಗೇವಿನ ಅನ್ನವೂ ಇಲ್ಲ.

ಶಾಲ್ಮಲಾ ಮೂರು ವರ್ಷದವಳಿದ್ದಾಗ ಕಡ್ಡಿಯಂತಿದ್ದಳು. ನಡೆದರೆ ಮಂಡಿಗಳು ಒಂದಕ್ಕೊಂದು ತಾಗುತ್ತಿದ್ದವು. ಡಾಕ್ಟರು, ಈ ಕೂಸಿಗೆ ಮೊಟ್ಟೆ ಕೊಟ್ಟರೆ ಒಳ್ಳೆಯದು ಎಂದರು. ಮೀಸಲೊಲೆಯ ಒಲೆಗಾತಿ ಏನು ಮಾಡಬೇಕು? ಹಂಪವ್ವ ಬೆರಕೆಯೊಲೆಯ ಮುದುಕಿಯೊಬ್ಬಳನ್ನು ಕಾಡಿ ಬೇಡಿ ಒಂದು ಬೇಯಿಸಿದ ಮೊಟ್ಟೆ ತಂದು, ಬಾಗಿಲು ಹಾಕಿಕೊಂಡು, ಸುಲಿದು ತಿನ್ನಿಸಿದಳು. ಕೂಸಿನ ತುಟಿ ಬಾತು ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಗೆ ಓಡಿದಳು, ಕೂಸು ಉಳಿಯಿತು. ಗಾಳಿಜ್ವರದ ಮದ್ದನ್ನು ಬೆಳೆಸುವುದು ಕೋಳಿಮೊಟ್ಟೆಯಲ್ಲಿ. ನಿಮ್ಮ ಕಾಲದ ಸೂಜಿಗಳಲ್ಲಿ ಹೆಚ್ಚಿನವು ಇಂಥ ಮಕ್ಕಳಿಗೂ ಸುರಕ್ಷಿತವಾಗಿದ್ದವೆಂದು ಓದಿದ್ದೇನೆ, ನಮ್ಮದು ಹಾಗಲ್ಲ, ಈ ಮಗುವಿನ ಮೈಗೆ ಅದು ವಿಷ. ಹಾಗಾಗಿ ಡಾಕ್ಟರು ಬಿಡುಚೀಟಿ ಬರೆದರು, ಕಾರಣವನ್ನೂ ಬರೆದರು. ಹಂಪವ್ವ ಅವರ ಕಾಲು ಹಿಡಿದಳಂತೆ, ಕಾರಣ ಬರೆಯಬೇಡಿರೆಂದು. ಅವರು ಹೇಳಿದರಂತೆ: "ಬರೀಲಿಲ್ಲ ಅಂದ್ರ ನಾಳೆ ಯಾರರೆ ಗೊತ್ತಿಲ್ಲದ ಸೂಜಿ ಚುಚ್ಚಿ ನಿನ್ನ ಕೂಸನ್ನ ಕೊಲ್ತಾರವ್ವ. ಚುಚ್ಚೋರು ಬಿಟ್ರ ಬ್ಯಾರೆ ಯಾರೂ ನೋಡಂಗಿಲ್ಲ. ನನ್ನ ಮಾತು ನಂಬು." ಅವಳು ನಂಬಿದಳು. ನನಗೂ ಹೇಳಲಿಲ್ಲ. ಒಂದೇ ಗೋಡೆಯ ಆಚೆ ಈಚೆ ಬದುಕಿದ ಅಕ್ಕನಿಗೆ ಹತ್ತು ವರ್ಷ ಹೇಳಲಿಲ್ಲ, ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಬಿಡುಚೀಟಿಗಳ ಕಾರಣಗಳೆಲ್ಲ ಆರೋಗ್ಯ ಕಣಜ ಎಂಬಲ್ಲಿ ಸೇರುತ್ತವೆ. ಅದು ಸರ್ಕಾರದ್ದು. ಇಡೀ ನಾಡಿನ ಜನರ ರಕ್ತ, ಬಸಿರು, ಬುದ್ಧಿಭ್ರಮಣೆ, ಚರ್ಮದ ಮಚ್ಚೆ ಎಲ್ಲವೂ ಅಲ್ಲಿ ತುಂಬಿವೆ. ಮೊದಲು ಅದಕ್ಕೆ ಮುದ್ರೆ ಇತ್ತು. ಹೋದ ವರ್ಷ ಮುದ್ರೆ ಒಡೆದರು. ಕಳ್ಳರು ಒಡೆದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಕಳ್ಳರಿಗೆ ಕಳ್ಳರೆಂಬ ಹೆಸರಾದರೂ ಇದೆ. ಒಡೆದದ್ದು ಕಾಳಜಿ. ಯೋಜನೆಯ ಹೆಸರು ನೆರೆಗಣ್ಣು. ಸೂಜಿ ಹಾಕಿಸಿಕೊಳ್ಳಲಾಗದವರು ದುರ್ಬಲರು, ಅವರ ಹತ್ತಿರ ಕೆಮ್ಮುವವರು ಸುಳಿಯಬಾರದು, ಆದ್ದರಿಂದ ತಮ್ಮ ಓಣಿಯಲ್ಲಿ ಅಂಥವರು ಎಷ್ಟು ಜನ, ಯಾವ ಕಾರಣಕ್ಕೆ ಇದ್ದಾರೆಂದು ನೆರೆಹೊರೆಯವರಿಗೆ ತಿಳಿದಿರಬೇಕು ಎಂಬುದು ವಾದ. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಪ್ರತಿ ಓಣಿಯ ಕಟ್ಟೆಯ ಹಿಂದೆ ಒಂದು ಬೆಳಕಿನ ಗೋಡೆ ಇರುತ್ತದೆ, ನೀರು ಬಿಡುವ ಹೊತ್ತು, ಬಿಸಿಲಿನ ಎಚ್ಚರಿಕೆ ಅದರ ಮೇಲೆ ಬರುತ್ತವೆ. ಒಂದು ಬೆಳಿಗ್ಗೆ ಅದರ ಮೇಲೆ ಹೀಗೆ ಬಂತು: ಈ ಓಣಿಯಲ್ಲಿ ಬಿಡುಚೀಟಿ ಹೊಂದಿದವರು ಮೂವರು. ಎಪ್ಪತ್ತು ದಾಟಿದ ಪುರುಷ, ರಕ್ತದ ಕಾಯಿಲೆ. ಇಪ್ಪತ್ತರಿಂದ ಮೂವತ್ತರೊಳಗಿನ ಸ್ತ್ರೀ, ಬಸಿರು. ಹತ್ತರಿಂದ ಹದಿನೈದರೊಳಗಿನ ಬಾಲಕಿ, ಮೊಟ್ಟೆ ಒಗ್ಗದಿರುವಿಕೆ. ದಯವಿಟ್ಟು ಇವರ ಕಾಳಜಿ ವಹಿಸಿ.

ಹೆಸರಿರಲಿಲ್ಲ. ಆದರೆ ನಮ್ಮ ಕಾಲದಲ್ಲಿ ಮಕ್ಕಳು ಎಲ್ಲಿದ್ದಾರೆ? ಇಡೀ ಹತ್ತಿಕಾಳ ಓಣಿಯಲ್ಲಿ ಆ ವಯಸ್ಸಿನ ಹುಡುಗಿ ಒಬ್ಬಳೇ.

ನಾನು ಬುಟ್ಟಿ ಹಿಡಿದು ಹಗೇವಿಗೆ ಇಳಿದಾಗ ಮಾತು ಆಗಲೇ ಹತ್ತಿಕೊಂಡಿತ್ತು. ಹಂಪವ್ವ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಎದುರುಮನೆಯ ದಾಕ್ಷಾಯಣವ್ವ ಮೆಟ್ಟಿಲ ಮೇಲೆ ಕೂತಿದ್ದಳು.

"ಏನವಾ ಹಂಪವ್ವ, ಗ್ವಾಡಿ ನೋಡಿದೇನು?"

"ಇಲ್ಲಬೇ. ಹಿಟ್ಟು ನಾದೂದರಾಗ ಇದ್ದೆ. ನೀರು ಎಷ್ಟೊತ್ತಿಗೆ ಅಂತ?"

"ನೀರಿಂದಲ್ಲ. ನಿನ್ನ ಮಗಳಿಗೆ ತತ್ತಿ ಆಗಿ ಬರಂಗಿಲ್ಲಂತ, ಬರದಾರ."

ನಮ್ಮ ಕಡೆ ಮೊಟ್ಟೆಗೆ ತತ್ತಿ ಎನ್ನುತ್ತೇವೆ. ಹಂಪವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಆಗ ಹಿಂದಿನಿಂದ ಯಾರೋ, ಯಾರೆಂದು ನನಗೆ ಚೆನ್ನಾಗಿ ಗೊತ್ತು, ಬರೆಯುವುದಿಲ್ಲ, ಕೇಳಿದರು: "ಆಗಿ ಬರಂಗಿಲ್ಲ ಅಂತ ಹೆಂಗ ಗೊತ್ತಾತಂತ? ಪುಂಡಿಪಲ್ಲೆ ತಿಂದು ಗೊತ್ತಾತೇನು?"

ಹಗೇವು ಗುಂಡಗಿರುತ್ತದೆ, ಅದರೊಳಗೆ ನಗು ಸುತ್ತುತ್ತದೆ. ಹಂಪವ್ವ ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು. ಅವತ್ತು ಮೀಸಲೊಲೆಯ ರೊಟ್ಟಿ ಅರ್ಧಕ್ಕರ್ಧ ಹಾಗೇ ಉಳಿಯಿತು.

ಆಮೇಲೆ ಬಂದದ್ದು ಕಾಳಜಿಯ ದಂಡು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇವರು ಚಪ್ಪಲಿ ಹೊರಗೆ ಬಿಟ್ಟು, ಕೈಯಲ್ಲಿ ಬಾಳೆಹಣ್ಣು ಹಿಡಿದು ಬಂದರು. "ನಾವೇನು ಕೆದಕಾಕ ಬಂದಿಲ್ಲ ಮತ್ತ. ಕೂಸಿನ ಕಾಳಜಿಗೆ ಬಂದೀವಿ. ನೀ ಏನ ಮಾಡಿದ್ರೂ ನಮ್ಮಾಕಿ" ಎಂದು ಕೂತು ಶಾಲ್ಮಲೆಯ ಬಾಯಿಯನ್ನೇ ನೋಡಿದರು. ಯಾವಾಗ ತಿಂದಳು, ಯಾರು ಕೊಟ್ಟರು, ಒಂದೋ ಎರಡೋ, ಬೇಯಿಸಿದ್ದೋ ಹುರಿದದ್ದೋ. ಒಬ್ಬಾಕೆ ತನ್ನ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು, ಮುಟ್ಟಿದರೆ ಮೊಟ್ಟೆ ಹತ್ತುತ್ತದೆ ಎನ್ನುವ ಹಾಗೆ. ಆ ಹುಡುಗಿ ಕಾಳಜಿಯ ಮಧ್ಯೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದಳು, ತಿನ್ನಲಿಲ್ಲ. ಬಸುರಿಯ ಮನೆಗೂ, ರಕ್ತದ ಕಾಯಿಲೆಯ ರಾಚಪ್ಪಜ್ಜನ ಮನೆಗೂ ಇದೇ ದಂಡು ಹೋಗಿತ್ತು. ಬಸಿರನ್ನು ಇನ್ನೂ ಅತ್ತೆಗೇ ಹೇಳಿರದಿದ್ದ ಆಕೆ ಆ ವಾರವೇ ತವರಿಗೆ ಹೊರಟುಹೋದಳು.

ಇನ್ನು ಮುಂದಿನದು ನಿಮಗೆ ನಂಬಲು ಕಷ್ಟ. ಮೀಸಲೊಲೆಯ ಹಿರಿಯ ವಿರೂಪಾಕ್ಷಪ್ಪ ಮೆತ್ತಗಿನ ಮನುಷ್ಯ, ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಅವರು ಬಂದು ಹಂಪವ್ವನಿಗೆ ಹೇಳಿದರು: "ಹೇಳೂದು ಕೇಳೂದು ಬ್ಯಾಡವ್ವ. ಗ್ವಾಡಿ ಸುಳ್ಳು ಇರಬೌದು, ನಾ ಇಲ್ಲ ಅನ್ನಂಗಿಲ್ಲ. ಒಂದ ಕೆಲಸ ಮಾಡು. ಎಲ್ಲಾರ ಮುಂದ ಕೂಸಿಗೆ ಸೂಜಿ ಹಾಕಿಸು. ತತ್ತಿ ಬಾಯಿಗೆ ಮುಟ್ಟಿರದಿದ್ರ ಆಕಿಗೇನೂ ಆಗಂಗಿಲ್ಲ. ಅಲ್ಲಿಗೆ ಮಾತು ಮುಗೀತು, ಒಲಿ ನಿಂದ."

ಅರ್ಥವಾಯಿತೇ? ಹಳೆಯ ಕಾಲದಲ್ಲಿ ಕಾದ ಕಬ್ಬಿಣ ಹಿಡಿಸಿ ಸತ್ಯ ಪರೀಕ್ಷೆ ಮಾಡುತ್ತಿದ್ದರಂತೆ. ನಮ್ಮವರು ಅದಕ್ಕೆ ಸೂಜಿಯನ್ನು ಹುಡುಕಿಕೊಂಡರು. ಜೀವ ಉಳಿಸಲೆಂದು ಮಾಡಿದ ವಸ್ತುವಿನಿಂದ ಶೀಲ ಅಳೆಯಲು ಹೊರಟರು. ಇಡೀ ಮೀಸಲೊಲೆಯವರು ವರ್ಷವರ್ಷವೂ ಅದೇ ಮೊಟ್ಟೆಯಲ್ಲಿ ಬೆಳೆದ ಮದ್ದನ್ನು ತೋಳಿಗೆ ಹಾಕಿಸಿಕೊಂಡು, ತಲೆಗೆ ಒಂದು ತಂಬಿಗೆ ನೀರು ಸುರಿದುಕೊಂಡು ಶುದ್ಧರಾಗುತ್ತಾರೆ. ತೋಳಿನಿಂದ ಹೋದದ್ದು ಲೆಕ್ಕಕ್ಕಿಲ್ಲ, ಬಾಯಿಂದ ಹೋದದ್ದು ಮಾತ್ರ ಪಾಪ. ಇದನ್ನು ನಾನು ವಿರೂಪಾಕ್ಷಪ್ಪನವರಿಗೆ ಹೇಳಿದೆ. ಅವರು ನಕ್ಕು, "ನೀವು ಓದಿದೋರು" ಎಂದರು. ನಮ್ಮ ಊರಲ್ಲಿ ಅದು ಬಾಯಿ ಮುಚ್ಚಿಸುವ ಮಾತು.

ನಾನು ಕಣಜದ ಜಿಲ್ಲಾ ಕಚೇರಿಗೆ ಹೋದೆ. ಮಾಹಿತಿ ಅಧಿಕಾರಿ ಹುಡುಗ, ಒಳ್ಳೆಯವನು, ಕೂತುಕೊಳ್ಳಿ ಎಂದ, ಮಜ್ಜಿಗೆ ತರಿಸಿದ.

"ಹೆಸರು ಹಾಕಿಲ್ಲಲ್ರೀ ಮೇಡಮ್. ಹೆಸರು ಹಾಕಿದ್ರ ತಪ್ಪಾಗ್ತಿತ್ತು. ನಾವು ಹಾಕೇ ಇಲ್ಲ."

"ನಮ್ಮ ಓಣ್ಯಾಗ ಆ ವಯಸ್ಸಿನ ಹುಡುಗಿ ಒಬ್ಬಾಕೀನ ಅದಾಳಪ್ಪ."

"ಅದು ನಿಮ್ಮ ಓಣಿ ತೊಂದರೆರೀ. ನಿಯಮ ಎಲ್ಲಾ ಓಣಿಗೂ ಒಂದ. ನಿಮಗೊಂದು, ಇನ್ನೊಬ್ಬರಿಗೊಂದು ಮಾಡಾಕ ಬರಂಗಿಲ್ಲ."

"ಹಂಗಾದ್ರ ಕಾರಣ ಅಳಿಸ್ರಿ. ಬಿಡುಚೀಟಿ ಐತಿ ಅಂತಷ್ಟ ಇರಲಿ."

"ಕಾರಣ ಇಲ್ಲದ ಬಿಡುಚೀಟಿ ಇಲ್ರೀ. ಬೇಕಂದ್ರ ಬಿಡುಚೀಟೀನ ರದ್ದು ಮಾಡಿಸಬೌದು. ತಾಯಿ ಒಂದು ಒಪ್ಪಿಗೆ ಕೊಟ್ರ ಸಾಕು, ಇವತ್ತಿಂದಿವತ್ತ ಗ್ವಾಡಿಯಿಂದ ಹೋಗ್ತೈತಿ."

ಮಗುವಿನ ಪ್ರಾಣ ಕಾಯುವ ಮಾತನ್ನು ಬರೆಸಲು ಡಾಕ್ಟರು ಬೇಕಾಗಿದ್ದರು. ಅಳಿಸಲು ಹೆದರಿದ ತಾಯಿಯೊಬ್ಬಳು ಸಾಕು. ಮಜ್ಜಿಗೆಯನ್ನು ಅಲ್ಲೇ ಬಿಟ್ಟು ಬಂದೆ.

ಅದನ್ನು ಹಂಪವ್ವನಿಗೆ ಹೇಳಲೇಬಾರದೆಂದುಕೊಂಡಿದ್ದೆ, ಅವಳಿಗೆ ಆಗಲೇ ದಾಕ್ಷಾಯಣವ್ವ ಹೇಳಿಬಿಟ್ಟಿದ್ದಳು. ಒಪ್ಪಿಗೆ ಕೊಟ್ಟೂ ಆಗಿತ್ತು. ನಾವಿಬ್ಬರೂ ಅಂಥ ಜಗಳವನ್ನು ಹುಟ್ಟಿದಾಗಿನಿಂದ ಆಡಿರಲಿಲ್ಲ.

"ಒಲಿ ಹೋದ್ರ ಹೋಗ್ಲಿ ಬಿಡು. ಇಬ್ಬರೂ ನನ್ನ ಮನಿಗೆ ಬರ್ರಿ."

"ನಿನ್ನ ಮನಿ ರೊಟ್ಟಿನೂ ಇದ ಒಲಿಯಿಂದ ಬರ್ತೈತಲ್ಲಕ್ಕ. ನಾಳೆ ನಿನಗೂ ಬಂದ್ ಮಾಡ್ತಾರ. ಎಲ್ಲಿ ಹೋಗೂನು ಮೂರೂ ಮಂದಿ, ಗುಡ್ಡಕ್ಕ?"

"ಹಂಗಂತ ಕೂಸಿನ ಜೀವದ ಮ್ಯಾಲೆ ಆಟ ಆಡ್ತಿಯೇನು?"

"ಹತ್ತು ವರ್ಷಾತಕ್ಕ. ಮಕ್ಕಳಿಗೆ ಬರಬರತಾ ಹೋಗಿಬಿಡ್ತೈತಂತ ಅದು."

"ಯಾರು ಅಂದ್ರು?"

"ಯಾರೋ ಅಂದ್ರು."

"ಯಾರು?"

ಅವಳು ಸೆರಗಿನಿಂದ ಒಲೆಯ ಕಟ್ಟೆ ಒರೆಸತೊಡಗಿದಳು, ಅದು ಮೊದಲೇ ಸ್ವಚ್ಛವಾಗಿತ್ತು.

ಸೂಜಿಯ ದಿನ ಕಟ್ಟೆಗೆ ಇಡೀ ಓಣಿ ಬಂದಿತ್ತು. ಹೊಸ ಸೀರೆ ಉಟ್ಟುಕೊಂಡು ಬಂದಿದ್ದರು. ಯಾರೋ ಒಬ್ಬ ಮುದುಕಿಗೆ ಕುರ್ಚಿ ಹಾಕಿಕೊಟ್ಟರು, ಚೆನ್ನಾಗಿ ಕಾಣಲೆಂದು. ಸೂಜಿ ಹಾಕುವ ನರ್ಸು ಪರವೂರಿನವಳು, ಅವಳ ಕೈಯಲ್ಲಿದ್ದ ಹಲಗೆಯ ಮೇಲೆ ಬಿಡುಚೀಟಿ ರದ್ದಾದದ್ದು ಕಾಣುತ್ತಿತ್ತು. ಅವಳಿಗೇನೋ ಅನುಮಾನ ಬಂದಿರಬೇಕು. "ಖರೇನ ಏನೂ ಇಲ್ಲೇನ್ರೀ ಅಮ್ಮಾರ?" ಎಂದು ಎರಡು ಸಲ ಕೇಳಿದಳು. ಹಂಪವ್ವ ನೆಲ ನೋಡುತ್ತಿದ್ದಳು. ಹಿಂದಿನಿಂದ, "ಹಾಕ್ರಿ ಹಾಕ್ರಿ, ಬಿಸಲೇರ್ತೈತಿ" ಎಂದರು. ಶಾಲ್ಮಲಾ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, ಕಣ್ಣು ಮುಚ್ಚಿ, "ಅವ್ವಾ, ಲಗೂನ ಮುಗಸು" ಎಂದಳು. ನಾನು ಜನರ ನಡುವೆ ನುಗ್ಗುತ್ತಿದ್ದೆ, ದಾರಿ ಬಿಡುತ್ತಿರಲಿಲ್ಲ.

ಹಂಪವ್ವ ತನ್ನ ಅಂಗೈಯನ್ನು ಮಗಳ ತೋಳಿನ ಮೇಲೆ ಮುಚ್ಚಿದಳು. ಸೂಜಿ ಅವಳ ಬೆರಳಿಗೆ ತಗುಲಿ ಒಂದು ಹನಿ ರಕ್ತ ಬಂತು.

"ನಾನ ತಿನಿಸೀನಿ" ಎಂದಳು. "ಕೂಸು ಬೆಳೀಲಿಲ್ಲ. ಕಾಲು ಕಡ್ಡಿ ಆಗಿದ್ವು. ಬೆರಕಿ ಒಲಿಯಿಂದ ತಂದು, ನನ್ನ ಕೈಯಾರೆ ಸುಲಿದು ತಿನಿಸೀನಿ. ತುಟಿ ಬಾತು ಮಾರಿ ನೀಲಿಗಟ್ಟಿತ್ತು. ಎತ್ತಿಕೊಂಡು ಓಡೀನಿ. ಸಾಕಾತೇನು ನಿಮಗ? ಇನ್ನೇನ ಹೇಳ್ಲಿ? ಅದರ ಸಿಪ್ಪಿ ಎಲ್ಲಿ ಒಗದೆ ಅಂತ ಹೇಳ್ಲೇನು?"

ವಿರೂಪಾಕ್ಷಪ್ಪನವರೇ ಮೊದಲು ಚಪ್ಪಾಳೆ ತಟ್ಟಿದರು. "ಭಲೇ ಹಂಪವ್ವ! ಖರೇ ಹೇಳಾಕ ಎದಿ ಬೇಕು." ಎಲ್ಲರೂ ತಟ್ಟಿದರು. ದಾಕ್ಷಾಯಣವ್ವ ಕಣ್ಣೊರೆಸಿಕೊಂಡಳು. ಎಲ್ಲಿಂದಲೋ ಒಂದು ಶಾಲು ಬಂತು, ಅದನ್ನು ನನ್ನ ತಂಗಿಗೆ ಹೊದಿಸಿದರು. ಸಂಜೆ ಅದೇ ಜನ ಹಗೇವಿನ ಕೀಲಿ ಕೇಳಲು ಬಂದರು. "ಅದು ಬ್ಯಾರೆ, ಇದು ಬ್ಯಾರೆ ನೋಡವ್ವ. ಒಲಿಗೆ ಅದರದ ಒಂದು ರೀತಿ ಐತಿ" ಎಂದರು. ಹಂಪವ್ವ ಕೀಲಿಯನ್ನು ಆ ಶಾಲಿನಲ್ಲೇ ಸುತ್ತಿ ಕೊಟ್ಟುಬಿಟ್ಟಳು.

ಬೈದವರಿಗಿಂತ ಆ ಚಪ್ಪಾಳೆಯೇ ನನಗೆ ಹೆಚ್ಚು ಹೇಸಿಗೆ ತಂದದ್ದು. ಯಾರ ಮುಂದೆಯೂ ಹೇಳಬೇಕಾಗಿಲ್ಲದ ಮಾತನ್ನು ಒಬ್ಬ ತಾಯಿಯ ಬಾಯಿಂದ ಕಿತ್ತುಕೊಂಡು, ಅದಕ್ಕೆ ಧೈರ್ಯವೆಂದು ಹೆಸರಿಟ್ಟು, ತಾವೂ ಆ ಧೈರ್ಯದಲ್ಲಿ ಒಂದು ಪಾಲು ಪಡೆದುಕೊಂಡು ಊಟಕ್ಕೆ ಹೋದರು. ಕಣಜದವರಂತೂ ಗೋಡೆಯ ಮೇಲೆ ಒಂದು ಕಿರುಚಿತ್ರವನ್ನೇ ಹಾಕಿದರು, ಸತ್ಯ ನುಡಿದ ತಾಯಿ ಎಂದು. ಅದರಲ್ಲೂ ಹೆಸರಿರಲಿಲ್ಲ. ಹಂಪವ್ವ ಈಗ ಬೆರಕೆಯೊಲೆಯಲ್ಲಿ ಕಾಳು ಆರಿಸುತ್ತಾಳೆ. ಅಲ್ಲಿಯವರು ಕೆಟ್ಟವರಲ್ಲ, ಆದರೂ "ಬಾರವಾ ತತ್ತಿ ಹಂಪವ್ವ" ಎಂದೇ ಕರೆಯುತ್ತಾರೆ, ಪ್ರೀತಿಯಿಂದ. ಶಾಲೆಯಲ್ಲಿ ಮಗಳನ್ನೂ ಹಾಗೇ ಕರೆಯುತ್ತಾರೆ, ಅಲ್ಲಿ ಪ್ರೀತಿಯಿಂದಲ್ಲ.

ಈ ವರ್ಷ ನಮ್ಮ ಓಣಿಗೆ ಬಹುಮಾನ ಬಂದಿದೆ. ಬಿಡುಚೀಟಿಮುಕ್ತ ಓಣಿ ಎಂದು ಹಿತ್ತಾಳೆಯ ಫಲಕ ಹೊಡೆದಿದ್ದಾರೆ. ರಾಚಪ್ಪಜ್ಜ ತನ್ನ ಬಿಡುಚೀಟಿಯನ್ನು ತಾನೇ ಬಿಟ್ಟುಕೊಟ್ಟ, ಸೂಜಿ ಹಾಕಿಸಿಕೊಂಡು ಹಾಸಿಗೆ ಹಿಡಿದಿದ್ದಾನೆ. ಹೊಸದಾಗಿ ಯಾರೂ ಕೇಳುತ್ತಿಲ್ಲ. ಡಾಕ್ಟರು ಏನು ಕೇಳಿದರೂ ಜನ "ಏನಿಲ್ರೀ, ಆರಾಮದೀವಿ" ಎನ್ನುತ್ತಾರೆ. ಕಣಜ ಇದನ್ನು ಆರೋಗ್ಯ ಎಂದು ಬರೆದುಕೊಂಡಿದೆ.

ಬಿಡುಚೀಟಿಯನ್ನು ವರ್ಷವರ್ಷವೂ ಹೊಸದಾಗಿ ಪಡೆಯಬೇಕು. ಹೋದ ವರ್ಷ ಆ ನರ್ಸು ಸೂಜಿ ಹಾಕದೆ, ರದ್ದಾದದ್ದನ್ನು ಮತ್ತೆ ಬರೆಸಿದ್ದಳು, ಅದು ಆ ಋತುವಿಗೆ ಮಾತ್ರ. ಶಾಲ್ಮಲೆಗೆ ಈಗ ಹದಿನಾಲ್ಕು. ನಾಡಿದ್ದು ಸೂಜಿ. ಮೊನ್ನೆ ಅವಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ. ಹಳೆಯವರು ನಿವೃತ್ತರಾಗಿದ್ದಾರೆ, ಹೊಸಬರು ಕೇಳಿದರು: "ಏನರೆ ಆಗಿ ಬರಲಾರದ್ದು ಐತೇನವಾ?" ಅವಳು ನನ್ನ ಮುಖ ನೋಡಲಿಲ್ಲ. "ಏನೂ ಇಲ್ರೀ" ಎಂದಳು. ಹೊರಗೆ ಬಂದು ನನಗೆ ಹೇಳಿದಳು: "ಹಾಕಿಸಿಕೊಂಡು ಬಿಡ್ತೀನಿ ದೊಡ್ಡವ್ವ. ಏನರೆ ಆದ್ರ ಆಗ್ಲಿ. ಗ್ವಾಡಿ ಮ್ಯಾಲೆ ಬರೂದು ಬ್ಯಾಡ. ಅವ್ವ ಮತ್ತ ಕಟ್ಟಿ ಮ್ಯಾಲೆ ನಿಂದ್ರೂದು ಬ್ಯಾಡ."

ನಾನು ಒಳಗೆ ಮರಳಿ ಹೋಗಿ ಡಾಕ್ಟರಿಗೆ ಹೇಳಿದರೆ ಗೋಡೆ ಮಾಡಿದ ಕೆಲಸವನ್ನೇ ನಾನು ಮಾಡಿದಂತಾಗುತ್ತದೆ. ಹೇಳದಿದ್ದರೆ ಹುಡುಗಿ ಸಾಯುತ್ತಾಳೆ. ಆ ಬಾಗಿಲ ಮುಂದೆ ನಾವಿಬ್ಬರೂ ಬಹಳ ಹೊತ್ತು ಕೂತಿದ್ದೆವು. ಕೊನೆಗೆ ಅವಳು ಒಪ್ಪಿದ್ದು ಇಷ್ಟಕ್ಕೆ: ಅವಳೇ ಡಾಕ್ಟರಿಗೆ ಹೇಳುತ್ತಾಳೆ, ಡಾಕ್ಟರು "ಈಕೆಗೆ ಸೂಜಿ ಕೂಡದು, ಕಾರಣ ನನಗೆ ಗೊತ್ತಿದೆ" ಎಂದಷ್ಟೇ ಬರೆದು ಸಹಿ ಮಾಡಬೇಕು. ಡಾಕ್ಟರು ಸ್ವಲ್ಪ ಯೋಚಿಸಿ ಸಹಿ ಮಾಡಿದರು. ನಾಳೆ ಅದನ್ನು ಹಿಡಿದುಕೊಂಡು ನಾವು ಕಣಜಕ್ಕೆ ಹೋಗುತ್ತೇವೆ. ಕಾರಣವಿಲ್ಲದ ಬಿಡುಚೀಟಿ ಇಲ್ಲವೆಂದು ಅವರು ಹೇಳುವುದು ಖಂಡಿತ. ಆಗ ಅವಳನ್ನು ನನ್ನ ಮನೆಗೆ ಕರೆತಂದು ಬಾಗಿಲು ಹಾಕಿಕೊಳ್ಳುತ್ತೇನೆ. ಶಾಲೆ ಹೋಗಲಿ, ಹಗೇವಿನ ಅನ್ನ ಹೋಗಲಿ. ಒಣ ಅವಲಕ್ಕಿ ತಂದಿಟ್ಟಿದ್ದೇನೆ. ಈ ಋತುವನ್ನು ಹೇಗೋ ದಾಟಿಸುತ್ತೇನೆ, ಮುಂದಿನದು ಗೊತ್ತಿಲ್ಲ.

ಇದನ್ನು ನಿಮಗೇಕೆ ಬರೆಯುತ್ತಿದ್ದೇನೆಂದರೆ, ಕಾರಣವನ್ನು ವಿವರವಾಗಿ ಬರೆದು ಸರ್ಕಾರಕ್ಕೆ ಒಪ್ಪಿಸತಕ್ಕದ್ದು ಎಂಬ ಆ ಒಂದು ಸಾಲು ಎಲ್ಲಿಂದ ಬಂತೆಂದು ಹುಡುಕುತ್ತ ಹೋದೆ. ಹಳೆಯ ಕಡತಗಳಲ್ಲಿ ಹಿಂದೆ ಹಿಂದೆ ಹೋಗಿ ನಿಮ್ಮ ಕಾಲದಲ್ಲಿ ನಿಂತೆ. ನಿಮ್ಮಲ್ಲಿ ಸುಳ್ಳು ಹೇಳಿ ವಿನಾಯಿತಿ ಪಡೆದವರಿದ್ದರು, ಅವರನ್ನು ಹಿಡಿಯಬೇಕಿತ್ತು, ಅದು ನನಗೆ ಅರ್ಥವಾಗುತ್ತದೆ. ಎಷ್ಟು ಜನ ಎಂದು ಎಣಿಸುವುದೂ ತಪ್ಪಲ್ಲ. ಆದರೆ ಎಣಿಸಲು ಕಾರಣ ಬೇಕಿರಲಿಲ್ಲ. ಕಾರಣ ಡಾಕ್ಟರ ಕೋಣೆಯಲ್ಲಿ ಉಳಿದು, ಅವರ ಸಹಿ ಮಾತ್ರ ಹೊರಗೆ ಬಂದಿದ್ದರೆ ಸಾಕಿತ್ತು. ಯಾರಾದರೂ ಇದನ್ನು ನಿಮ್ಮಲ್ಲಿ ಕೇಳಿಯೇ ಇರುತ್ತಾರೆ, ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ ಎಂದು ನೀವು ನಕ್ಕಿರುತ್ತೀರಿ. ನಿಮ್ಮಲ್ಲಿ ಏನೂ ಇರಲಿಲ್ಲವೇನೋ. ನನ್ನ ತಂಗಿಯಲ್ಲಿ ಇತ್ತು, ಒಂದು ಮೊಟ್ಟೆ.

ನಿಮ್ಮಿಂದ ಕ್ಷಮೆ ಬೇಡ, ಕಾಳಜಿಯಂತೂ ಬೇಡವೇ ಬೇಡ. ಆ ಸಾಲನ್ನು ಹೊಡೆದುಹಾಕಿ. ನೀವು ಇನ್ನೂ ಅದನ್ನು ಬರೆಯುತ್ತಿದ್ದೀರಿ, ಮಸಿ ಒಣಗಿಲ್ಲ. ನನಗೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ, ಮುಂದಿನ ವರ್ಷಗಳಿಗೆ ನಿಮ್ಮಲ್ಲಿ ಅಂಚೆಯೂ ಇಲ್ಲ. ನೀವು ಹೊಡೆದುಹಾಕಿದರೆ ನಮಗೆ ತಾನಾಗಿ ತಿಳಿಯುತ್ತದೆ: ನಾಡಿದ್ದು ನಾನೇಕೆ ಇಷ್ಟೊಂದು ಅವಲಕ್ಕಿ ತಂದಿಟ್ಟೆನೆಂದು ನನಗೇ ನೆನಪಿರುವುದಿಲ್ಲ, ಶಾಲ್ಮಲಾ ಎಂದಿನಂತೆ ಶಾಲೆಗೆ ಹೊರಟಿರುತ್ತಾಳೆ.

ಇಂತಿ,
ಆ ಹುಡುಗಿಯ ದೊಡ್ಡವ್ವ